ಕ್ಷೌರದಂಗಡಿಯಲ್ಲಿ ತಮ್ಮನನ್ನು ಕೂರಿಸಲಿಲ್ಲ, ಠಾಣೆಯಲ್ಲಿ ಎಫ್‌ಐಆರ್ ಮಾಡಲಿಲ್ಲ. ಮುಂದೆ ಎಲ್ಲಿಗೆ ಹೋಗಬೇಕು?

ಬೆಟ್ಟದಡಿ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಇನ್ನೂರು ಮನೆಗಳ ಊರು. ನಾನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದೇನೆ. ಅಪ್ಪ, ಅಮ್ಮ, ತಮ್ಮ ಊರಲ್ಲೇ ಇದ್ದಾರೆ. ನಾವು ಪರಿಶಿಷ್ಟ ಜಾತಿಯವರು. ಊರಲ್ಲಿ ಇರುವುದು ಒಂದೇ ಕ್ಷೌರದಂಗಡಿ. ನಮ್ಮ ಕೇರಿಯವರು ಯಾರೂ ಅಲ್ಲಿಗೆ ಹೋಗುವುದಿಲ್ಲ. ಹನ್ನೊಂದು ಕಿಲೋಮೀಟರ್ ದೂರದ ಪೇಟೆಗೆ ಹೋಗಿ ಕಟಿಂಗ್ ಮಾಡಿಸಿಕೊಂಡು ಬರುತ್ತೇವೆ. ನಾನೂ ಹಾಗೇ ಬೆಳೆದವನು.

ತಮ್ಮ ಈ ವರ್ಷ ಎಸ್ಸೆಸ್ಸೆಲ್ಸಿ. ಹೋದ ತಿಂಗಳು ಶಾಲೆಯಲ್ಲಿ ಗ್ರೂಪ್ ಫೋಟೋ ಇತ್ತು. ಕ್ಲಾಸಿನ ಗೆಳೆಯನ ಜೊತೆ ನೇರವಾಗಿ ಆ ಅಂಗಡಿಗೆ ಹೋಗಿದ್ದಾನೆ. ಗೆಳೆಯನಿಗೆ ಕಟಿಂಗ್ ಆಯಿತು. ಇವನು ಕುರ್ಚಿಯಲ್ಲಿ ಕೂತ ಕೂಡಲೇ, "ನೀನು ಪೇಟೆಗೆ ಹೋಗಪ್ಪ, ಗೊತ್ತಿಲ್ವಾ ನಿಂಗೆ?" ಅಂದರಂತೆ. ಅಲ್ಲೇ ಕೂತಿದ್ದ ಊರಿನ ಇಬ್ಬರು ಹಿರಿಯರು ಜಾತಿ ಹೆಸರು ಹಿಡಿದು ಬೈದು, ತೋಳು ಹಿಡಿದು ಎಬ್ಬಿಸಿದ್ದಾರೆ. ಗೆಳೆಯ ಎಲ್ಲವನ್ನೂ ನೋಡಿದ್ದಾನೆ.

ವಿಷಯ ತಿಳಿದು ನಾನು ಊರಿಗೆ ಹೋಗಿ ಠಾಣೆಯಲ್ಲಿ ದೂರು ಕೊಟ್ಟೆ. ಪಿಎಸ್‌ಐ ಓದಿ, "ಕೇಸ್ ಆದರೆ ಊರು ಒಡೆಯುತ್ತೆ, ಶಾಂತಿ ಸಭೆ ಮಾಡೋಣ" ಅಂದರು. ಒಂದು ಚೀಟಿ ಕೊಟ್ಟರು, ಅದರಲ್ಲಿ ಎನ್‌ಸಿಆರ್ ಅಂತ ನಂಬರ್ ಇದೆ. ಸಭೆಯೂ ಆಯಿತು. ಎಲ್ಲರಿಗೂ ಕಟಿಂಗ್ ಮಾಡುತ್ತೇನೆ ಅಂತ ಅಂಗಡಿಯವರು ಸಹಿ ಹಾಕಿದರು. ಮಾರನೇ ದಿನದಿಂದ ಅಂಗಡಿ ಬಂದ್. ಈಗ ಮೇಲಿನ ಕೇರಿಯಲ್ಲಿ ಮನೆ ಮನೆಗೆ ಹೋಗಿ ಕಟಿಂಗ್ ಮಾಡುತ್ತಿದ್ದಾರೆ.

ಎನ್‌ಸಿಆರ್ ಅಂದರೆ ಕೇಸ್ ಆದ ಹಾಗೇನಾ? ಡಿಸಿಆರ್‌ಇ (ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ) ಅಂತ ಬೇರೆ ಠಾಣೆ ಇದೆಯಂತೆ, ಅಲ್ಲಿಗೆ ನೇರ ಹೋಗಬಹುದಾ? ಅಪ್ಪ "ಬಿಟ್ಬಿಡು" ಅಂತಿದ್ದಾರೆ. ತಮ್ಮ ಆ ಫೋಟೋಗೇ ಹೋಗಲಿಲ್ಲ. ನನಗೆ ಬಿಡಲು ಆಗುತ್ತಿಲ್ಲ.

ಓದುತ್ತಾ ಕೂತವ:
ಓದಿ ಹೊಟ್ಟೆ ಉರಿಯಿತು. ತಮ್ಮನಿಗೆ ಧೈರ್ಯ ಹೇಳಿ ಬ್ರದರ್.

ಕಪ್ಪುಕೋಟು:
ವಕೀಲೆ ನಾನು, ಜಿಲ್ಲಾ ಕೋರ್ಟಿನಲ್ಲಿ ಪ್ರಾಕ್ಟೀಸ್. ನೇರವಾಗಿ ಹೇಳುತ್ತೇನೆ, ಎನ್‌ಸಿಆರ್ ಅಂದರೆ ಕೇಸ್ ಅಲ್ಲ. ಪೊಲೀಸರು ತಾವಾಗಿ ತನಿಖೆ ಮಾಡಬೇಕಿಲ್ಲದ ಸಣ್ಣಪುಟ್ಟ ಜಗಳಗಳನ್ನು ಬರೆದಿಡುವ ಪುಸ್ತಕ ಅದು. ನಿಮ್ಮದು ಆ ಪುಸ್ತಕಕ್ಕೆ ಹೋಗಲೇಬಾರದಿತ್ತು.

ಇಲ್ಲಿ ಎರಡು ಕಾನೂನು ಬರುತ್ತವೆ. ಒಂದು 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ. ಮೊದಲು ಅದಕ್ಕೆ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಅಂತ ಹೆಸರಿತ್ತು, 1976ರಲ್ಲಿ ಬದಲಾಯಿತು. ಉಳಿದವರಿಗೆ ಕೊಡುವ ಸೇವೆಯನ್ನು ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರಿಗೆ ಕೊಡದಿದ್ದರೆ ಅದರ 6ನೇ ಕಲಂ ಪ್ರಕಾರ ಅಪರಾಧ. ಇನ್ನೊಂದು 1989ರ ದೌರ್ಜನ್ಯ ತಡೆ ಕಾಯ್ದೆ, ಜನ ಅಟ್ರಾಸಿಟಿ ಅನ್ನುತ್ತಾರಲ್ಲ, ಅದು. ಅಂಗಡಿಗೆ ಬರದಂತೆ ತಡೆಯುವುದು, ಸಾರ್ವಜನಿಕರ ಎದುರು ಜಾತಿ ಹಿಡಿದು ಬೈಯುವುದು ಎರಡೂ ಅದರ 3ನೇ ಕಲಂನಲ್ಲಿವೆ.

ಎರಡೂ ಕಾಯ್ದೆಯಲ್ಲಿ ಎಫ್‌ಐಆರ್ ಮಾಡಲೇಬೇಕು. "ಮೊದಲು ವಿಚಾರಣೆ ಮಾಡಿ ನೋಡ್ತೀವಿ" ಅನ್ನುವ ಹಾಗೂ ಇಲ್ಲ. ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅಂತ 2018ರಲ್ಲಿ ಅಟ್ರಾಸಿಟಿ ಕಾಯ್ದೆಗೆ 18ಎ ಕಲಂ ಸೇರಿಸಿ ಸ್ಪಷ್ಟ ಮಾಡಿದ್ದಾರೆ. ಈಗ ನೀವು ಮಾಡಬೇಕಾದದ್ದು ಇಷ್ಟು: ಅದೇ ದೂರನ್ನು ಎಸ್‌ಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ರಸೀದಿ ಜೋಪಾನ. ಠಾಣೆಯಲ್ಲಿ ಕೊಟ್ಟ ಆ ಚೀಟಿಯ ಜೆರಾಕ್ಸ್ ಜೊತೆಗಿಡಿ. ನಿಮ್ಮ ವಿರುದ್ಧ ಬಳಸಲು ಕೊಟ್ಟ ಚೀಟಿ ನಿಮಗೇ ಸಾಕ್ಷಿ ಆಗುತ್ತದೆ. ಇಂಥ ದಿನ ದೂರು ಮುಟ್ಟಿತ್ತು ಅಂತ ಅವರೇ ಬರೆದುಕೊಟ್ಟಿದ್ದಾರೆ.

ನೇರಮಾತು:
ಎಲ್ಲರೂ ಸೇರಿ ಕ್ಷೌರಿಕನನ್ನು ಜೈಲಿಗೆ ಕಳಿಸುತ್ತೀರಾ? ದಿನಕ್ಕೆ ನಾನೂರು ಐನೂರು ದುಡಿಯುವ ಮನುಷ್ಯ. ಅಟ್ರಾಸಿಟಿ ಕೇಸಿಗೆ ನಿರೀಕ್ಷಣಾ ಜಾಮೀನೂ ಇಲ್ಲ. ಈ ಕಾಯ್ದೆ ದುರ್ಬಳಕೆ ಆಗುತ್ತಿದೆ ಅಂತ ಸುಪ್ರೀಂ ಕೋರ್ಟೇ ಹೇಳಿಲ್ವಾ? ಸಭೆಯಲ್ಲಿ ಬಗೆಹರಿದದ್ದನ್ನು ಮತ್ತೆ ಕೆದಕಬೇಡಿ.

ಬೆಟ್ಟದಡಿ:
ಬಗೆಹರಿದಿದ್ದರೆ ನಾನು ಇಲ್ಲಿ ಬರೆಯುತ್ತಲೇ ಇರಲಿಲ್ಲ. ಅಂಗಡಿ ಬಂದ್ ಆಗಿದೆ ಅಂದೆನಲ್ಲ?

ಕಪ್ಪುಕೋಟು:
@ನೇರಮಾತು, ಅರ್ಧ ಹೇಳಿ ಬಿಡಬೇಡಿ. 2018ರ ಮಾರ್ಚ್ 20ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಹಾಗೆ ಹೇಳಿತ್ತು, ನಿಜ. ಏಪ್ರಿಲ್ 2ರಂದು ದೇಶವೇ ಬಂದ್ ಆಯಿತು. ಅದೇ ವರ್ಷ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. 2019ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ತಾನೇ ಆ ನಿರ್ದೇಶನಗಳನ್ನು ವಾಪಸ್ ತೆಗೆದುಕೊಂಡಿತು. 2020ರ ಫೆಬ್ರವರಿಯಲ್ಲಿ ತಿದ್ದುಪಡಿಯನ್ನೂ ಎತ್ತಿಹಿಡಿಯಿತು. ಮೇಲ್ನೋಟಕ್ಕೇ ಕೇಸ್ ನಿಲ್ಲದಿದ್ದರೆ ನಿರೀಕ್ಷಣಾ ಜಾಮೀನು ಕೊಡಬಹುದು ಅಂತಲೂ ಅದೇ ತೀರ್ಪಿನಲ್ಲಿದೆ. ಅಮಾಯಕನಾದರೆ ದಾರಿ ಇದೆ.

ಬಾಚಣಿಗೆ:
ನಾನು ಸವಿತಾ ಸಮಾಜದವನು. ನಮ್ಮಪ್ಪ ನಲವತ್ತು ವರ್ಷ ಹಳ್ಳಿಯಲ್ಲಿ ಕ್ಷೌರ ಮಾಡಿದವರು. ಇದನ್ನು ಬರೆಯಲು ಕಷ್ಟ ಆಗುತ್ತಿದೆ, ಆದರೂ ಬರೆಯುತ್ತೇನೆ.

ನಮ್ಮೂರಲ್ಲೂ ಇದೇ ಇತ್ತು. ಅಪ್ಪನಿಗೆ ಮನಸ್ಸಿನಲ್ಲಿ ಏನೂ ಭೇದ ಇರಲಿಲ್ಲ ಅಂತ ನಾನು ಹೇಳುವುದಿಲ್ಲ, ಇತ್ತು. ಆದರೆ ಅದಕ್ಕಿಂತ ಹೆದರಿಕೆ ಜಾಸ್ತಿ ಇತ್ತು. ಸುಗ್ಗಿಯಲ್ಲಿ ರಾಗಿ, ಜೋಳ ಕೊಡುತ್ತಿದ್ದದ್ದು ಗೌಡರ ಮನೆಗಳು. ಅಂಗಡಿ ಇದ್ದ ಜಾಗವೂ ಅವರದೇ. "ಅದೇ ಕತ್ತರಿ ನಮಗೂ ಮುಟ್ಟಿಸ್ತೀಯಾ?" ಅಂತ ಒಂದು ಮಾತು ಅಂದರೆ ಮುಗಿಯಿತು. ನಮ್ಮನ್ನೂ ಮದುವೆ ಮನೆಯಲ್ಲಿ ಕೊನೇ ಪಂಕ್ತಿಗೆ ಕೂರಿಸುತ್ತಿದ್ದರು. ಆ ನೋವು ಗೊತ್ತಿದ್ದೂ ಅಪ್ಪ ಇನ್ನೊಬ್ಬರಿಗೆ ಅದನ್ನೇ ಮಾಡಿದರು.

ಬೆಟ್ಟದಡಿ ಅವರೇ, ದೂರು ಕೊಡಿ. ಆದರೆ ಕ್ಷೌರಿಕನ ಹೆಸರು ಬರೆದು ನಿಲ್ಲಿಸಬೇಡಿ. ತೋಳು ಹಿಡಿದು ಎಬ್ಬಿಸಿದ ಆ ಇಬ್ಬರ ಹೆಸರು ಮೊದಲು ಬರಲಿ. ಇಲ್ಲದಿದ್ದರೆ ಪೊಲೀಸರು ಬಡವನನ್ನು ಎಳೆದುಕೊಂಡು ಹೋಗಿ ಕೈ ತೊಳೆದುಕೊಳ್ಳುತ್ತಾರೆ.

ಮಲೆನಾಡ ಮಗಳು:
ಈ ವೇದಿಕೆಯಲ್ಲಿ ಓದಿದ ಒಳ್ಳೆಯ ಮಾತುಗಳಲ್ಲಿ ಇದೊಂದು. ಥ್ಯಾಂಕ್ಸ್ ಅಣ್ಣ.

ಕಪ್ಪುಕೋಟು:
ಬಾಚಣಿಗೆಯವರು ಹೇಳಿದ್ದಕ್ಕೆ ಕಾನೂನಿನಲ್ಲೇ ಜಾಗ ಇದೆ. 1955ರ ಕಾಯ್ದೆಯ 7(2) ಕಲಂ. ಅಸ್ಪೃಶ್ಯತೆ ಆಚರಿಸಲ್ಲ ಅಂತ ಒಬ್ಬರು ಹೇಳಿದ್ದಕ್ಕೆ ಅವರ ಸಮುದಾಯದವರೇ ಅವರನ್ನು ಹೊರಗಿಟ್ಟರೆ ಅದು ಅಪರಾಧ. ಪ್ರಚೋದನೆ ಕೊಡುವವರಿಗೂ ಅಪರಾಧದಷ್ಟೇ ಶಿಕ್ಷೆ. ನಾಳೆ ಆ ಕ್ಷೌರಿಕರು "ನನಗೆ ಇವರು ಬೆದರಿಸಿದರು" ಅಂತ ಹೇಳಿಕೆ ಕೊಟ್ಟರೆ ಕೇಸಿನ ದಿಕ್ಕೇ ಬದಲಾಗುತ್ತದೆ.

12ನೇ ಕಲಂ ಕೂಡ ನೋಡಿ. ತೊಂದರೆಗೆ ಒಳಗಾದವರು ಪರಿಶಿಷ್ಟ ಜಾತಿಯವರಾದರೆ, ಅಸ್ಪೃಶ್ಯತೆಯ ಕಾರಣಕ್ಕೇ ಹಾಗೆ ಮಾಡಿದರು ಅಂತ ಕೋರ್ಟ್ ಭಾವಿಸಬೇಕು. ಹಾಗಲ್ಲ ಅಂತ ತೋರಿಸುವ ಹೊಣೆ ಆರೋಪಿಯದು. ಇದು ಗೊತ್ತಿಲ್ಲದೆ ಎಷ್ಟೋ ಜನ "ಪ್ರೂವ್ ಮಾಡೋಕಾಗಲ್ಲ" ಅಂತ ವಾಪಸ್ ಹೋಗುತ್ತಾರೆ.

ಊರ ಕಟ್ಟೆ:
ಡಿಸಿಆರ್‌ಇ ನಂಬಿಕೊಂಡು ಹೋಗಬೇಡಿ. ಅದು ಸುಳ್ಳು ಜಾತಿ ಸರ್ಟಿಫಿಕೇಟ್ ಹಿಡಿಯುವ ಇಲಾಖೆ. ನಮ್ಮ ದೊಡ್ಡಪ್ಪ ಅರ್ಜಿ ಕೊಟ್ಟಿದ್ದರು. ಆರು ತಿಂಗಳು ಬಿಟ್ಟು "ಸಂಬಂಧಪಟ್ಟ ಠಾಣೆಗೆ ರವಾನಿಸಲಾಗಿದೆ" ಅಂತ ಒಂದು ಕಾಗದ ಬಂತು, ಅಷ್ಟೇ.

ಮೂರು ಪಟ್ಟಿ:
ಅದು ಹಳೇ ಕಥೆ. ನಾನು ಇಪ್ಪತ್ತೆಂಟು ವರ್ಷ ಇಲಾಖೆಯಲ್ಲಿದ್ದು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದವನು. ನಾಗರಿಕ ಹಕ್ಕು ಜಾರಿ ವಿಭಾಗ ಶುರುವಾದದ್ದು 1974ರಲ್ಲಿ. ಹೆಸರಿನಲ್ಲಿ ಜಾರಿ ಅಂತ ಇದ್ದರೂ ಅವರ ಕೈಯಲ್ಲಿ ಎಫ್‌ಐಆರ್ ಇರಲಿಲ್ಲ. ಅರ್ಜಿ ವಿಚಾರಣೆ, ಮೇಲ್ವಿಚಾರಣೆ, ಜಾತಿ ಪ್ರಮಾಣಪತ್ರದ ಪರಿಶೀಲನೆ, ಇಷ್ಟೇ. ಕೇಸ್ ಮಾತ್ರ ನಮ್ಮ ಠಾಣೆಗೇ ಬರುತ್ತಿತ್ತು. ಯಾರು ಕೇಸ್ ಮಾಡಲ್ಲ ಅಂದಿದ್ದರೋ ಅವರ ಟೇಬಲ್ಲಿಗೇ ವಾಪಸ್.

2025ರ ಏಪ್ರಿಲ್ 14ರಂದು ಅದು ಬದಲಾಯಿತು. ರಾಜ್ಯದಲ್ಲಿ 33 ಡಿಸಿಆರ್‌ಇ ವಿಶೇಷ ಠಾಣೆಗಳಾದವು. ಎಲ್ಲ ಜಿಲ್ಲೆಗೂ ಇದೆ. ಅಲ್ಲಿ ಎಫ್‌ಐಆರ್ ಆಗುತ್ತದೆ, ತನಿಖೆಯೂ ಅವರದೇ. ನೀವು ಜಿಲ್ಲಾ ಕೇಂದ್ರಕ್ಕೆ ಹೋಗಿ ನೇರ ದೂರು ಕೊಡಿ.

ಪಿಎಸ್‌ಐ ಯಾಕೆ ಹಿಂಜರಿಯುತ್ತಾರೆ ಅಂತಲೂ ಹೇಳುತ್ತೇನೆ. ಅಟ್ರಾಸಿಟಿ ಕಾಯ್ದೆಯಲ್ಲಿ ತನಿಖೆ ಮಾಡಬೇಕಾದವರು ಡಿವೈಎಸ್‌ಪಿ ದರ್ಜೆಯವರು. ಎಫ್‌ಐಆರ್ ಆದ ಕೂಡಲೇ ಮೇಲಿನವರ ಕಣ್ಣು ಠಾಣೆ ಮೇಲೆ ಬೀಳುತ್ತದೆ. ಊರಿನ ಮುಖಂಡರು, ಅವರ ಹಿಂದಿನ ರಾಜಕಾರಣಿಗಳು ಎಲ್ಲ ಫೋನ್ ಮಾಡುತ್ತಾರೆ. ಶಾಂತಿ ಸಭೆ ಮಾಡಿ ಫೋಟೋ ತೆಗೆದರೆ ಎಲ್ಲರಿಗೂ ಸಮಾಧಾನ, ದೂರುದಾರನ ಹೊರತು. ನಾನೂ ಅಂಥ ಸಭೆಗಳಲ್ಲಿ ಬಂದೋಬಸ್ತ್ ನಿಂತಿದ್ದೇನೆ. ಅಲ್ಲಿ ಕಾಫಿ ಕೊಡುವಾಗಲೂ ಕೇರಿಯವರು ದೂರ ನಿಂತಿರುತ್ತಿದ್ದರು. ಆಗ ನಾನು ಬಾಯಿ ಬಿಡಲಿಲ್ಲ. ಈಗ ಅನ್ನಿಸುತ್ತದೆ, ಬಿಡಬೇಕಿತ್ತು.

ನೇರಮಾತು:
ಹಾಗಾದರೆ ಶಾಂತಿ ಸಭೆಯೇ ತಪ್ಪಾ? ಊರಲ್ಲಿ ಒಟ್ಟಿಗೆ ಬಾಳಬೇಕಲ್ವಾ?

ಮೂರು ಪಟ್ಟಿ:
ಸಭೆ ತಪ್ಪಲ್ಲ. ಎಫ್‌ಐಆರ್ ಬದಲಿಗೆ ಸಭೆ ಮಾಡುವುದು ತಪ್ಪು. ಕೇಸ್ ದಾಖಲಿಸಿ, ಆಮೇಲೆ ಸಭೆ ಮಾಡಿ, ಯಾರು ಬೇಡ ಅಂದರು? ಬೇಕೆಂದೇ ಕರ್ತವ್ಯ ಬಿಟ್ಟ ಅಧಿಕಾರಿಗೆ ಅಟ್ರಾಸಿಟಿ ಕಾಯ್ದೆಯ 4ನೇ ಕಲಂನಲ್ಲಿ ಆರು ತಿಂಗಳಿಂದ ಒಂದು ವರ್ಷ ಶಿಕ್ಷೆ ಇದೆ. ಆದರೆ ಅದಕ್ಕೆ ಇಲಾಖಾ ವಿಚಾರಣೆಯ ಶಿಫಾರಸು ಬೇಕು. ನನ್ನ ಸರ್ವಿಸಿನಲ್ಲಿ ಯಾರಿಗೂ ಆ ಶಿಕ್ಷೆ ಆದದ್ದು ನಾನು ನೋಡಲಿಲ್ಲ.

ತುಂಗೆಯ ದಡ:
ನಮ್ಮ ಮನೆ ಅನುಭವ ಹೇಳುತ್ತೇನೆ, ಯಾಕೆಂದರೆ ಎಫ್‌ಐಆರ್ ಆದರೆ ಗೆದ್ದ ಹಾಗೆ ಅಂತ ಯಾರೂ ತಿಳಿಯಬಾರದು.

ನಮ್ಮಕ್ಕನಿಗೆ ಹೋಟೆಲಿನಲ್ಲಿ ಬೇರೆ ಲೋಟದಲ್ಲಿ ಟೀ ಕೊಟ್ಟು ಹೊರಗೆ ಕೂರಿಸಿದರು. ಎಂಟು ವರ್ಷದ ಹಿಂದಿನ ಮಾತು. ದೂರು ಕೊಟ್ಟೆವು, ಎಫ್‌ಐಆರ್ ಆಯಿತು. ಮೂರನೇ ದಿನ ನಮ್ಮ ಮೇಲೆ ಕೌಂಟರ್ ಕೇಸ್. ಹೋಟೆಲಿಗೆ ನುಗ್ಗಿ ಗಲ್ಲಾಪೆಟ್ಟಿಗೆ ಒಡೆದರಂತೆ ನಾವು. ನಲವತ್ತೈದು ಕೆಜಿ ತೂಕದ ನಮ್ಮಕ್ಕ ಎ1 ಆರೋಪಿ. ಚಾರ್ಜ್‌ಶೀಟ್ 60 ದಿನದಲ್ಲಿ ಆಗಬೇಕು ಅಂತ ಕಾನೂನು, ನಮ್ಮದಕ್ಕೆ ಒಂದು ವರ್ಷ ದಾಟಿತು. ಸಾಕ್ಷಿಗೆ ಬಂದ ಪಕ್ಕದ ಮನೆಯವರು ಕೋರ್ಟಿನಲ್ಲಿ ನಮ್ಮ ಮುಖ ನೋಡದೆ "ನಾನು ಆ ದಿನ ಊರಲ್ಲಿರಲಿಲ್ಲ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಹೊಲಕ್ಕೆ ಹೋಗುವ ದಾರಿ ಹೋಟೆಲಿನವರ ಜಮೀನಿನ ಮೇಲಿದೆ.

ಕೇಸ್ ಖುಲಾಸೆ ಆಯಿತು. ಈಗ ಜನ ನಮ್ಮನ್ನು "ಸುಳ್ಳು ಕೇಸ್ ಹಾಕಿದವರು" ಅಂತ ಕರೆಯುತ್ತಾರೆ.

ಓದುತ್ತಾ ಕೂತವ:
@ನೇರಮಾತು ಇದನ್ನು ಓದಿದಿರಾ? ನೀವು ಹೇಳುವ "ದುರ್ಬಳಕೆ"ಯಲ್ಲಿ ಇಂಥ ಎಷ್ಟು ಕೇಸ್ ಸೇರಿವೆ ಅಂತ ಯೋಚನೆ ಮಾಡಿ.

ನೇರಮಾತು:
ಓದಿದೆ. ಅಕ್ಕನಿಗೆ ಆದದ್ದು ಅನ್ಯಾಯ, ಒಪ್ಪುತ್ತೇನೆ. ನಮ್ಮ ಸಂಬಂಧಿಕರ ಮೇಲೆ ಗಡಿ ಜಗಳದಲ್ಲಿ ಸುಮ್ನೆ ಅಟ್ರಾಸಿಟಿ ಹಾಕಿದ್ದರು, ಆ ನೋವಿನಿಂದ ಮಾತಾಡಿದೆ. ಎರಡೂ ನಿಜ ಆಗಬಹುದಲ್ವಾ?

ಕಪ್ಪುಕೋಟು:
ಆಗಬಹುದು. ಬರೀ ಗಡಿ ಜಗಳವಾದರೆ ಈ ಕಾಯ್ದೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟಿನ 2020ರ ಹಿತೇಶ್ ವರ್ಮ ತೀರ್ಪಿದೆ. ಮನೆಯ ನಾಲ್ಕು ಗೋಡೆ ಒಳಗೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು "ಸಾರ್ವಜನಿಕರ ಕಣ್ಣೆದುರು" ಆಗಲ್ಲ ಅಂತಲೂ ಅದರಲ್ಲಿದೆ. ಕ್ಷೌರದಂಗಡಿ ಹಾಗಲ್ಲ. ಬಾಗಿಲು ತೆರೆದ ಅಂಗಡಿ, ಗೆಳೆಯ ನೋಡಿದ್ದಾನೆ.

ತುಂಗೆಯ ದಡ ಹೇಳಿದ್ದರಿಂದ ಬೆಟ್ಟದಡಿಯವರು ಒಂದು ಕಲಿಯಬೇಕು. ಆ ಗೆಳೆಯ ಹುಡುಗನ ಹೇಳಿಕೆಯನ್ನು ಮ್ಯಾಜಿಸ್ಟ್ರೇಟ್ ಮುಂದೆ ಬೇಗ ಮಾಡಿಸಲು ತನಿಖಾಧಿಕಾರಿಗೆ ಬರೆದುಕೊಡಿ. ಅವನ ಅಪ್ಪ ಅಮ್ಮನ ಜೊತೆ ಮೊದಲು ಮಾತಾಡಿ. ಆ ಹುಡುಗನ ಮೇಲೂ ಒತ್ತಡ ಬರುತ್ತದೆ. ಅಟ್ರಾಸಿಟಿ ಕಾಯ್ದೆಯ 15ಎ ಕಲಂನಲ್ಲಿ ಸಾಕ್ಷಿಗೂ ರಕ್ಷಣೆ ಕೇಳುವ ಹಕ್ಕಿದೆ. ಆರೋಪಿಗಳು ಜಾಮೀನು ಕೇಳಿದರೆ ನಿಮಗೆ ನೋಟಿಸ್ ಬರಬೇಕು, ನಿಮ್ಮ ಮಾತನ್ನೂ ಕೋರ್ಟ್ ಕೇಳಬೇಕು.

ಸನ್ನಿವೇಲ್ ಕನ್ನಡಿಗ:
ಸ್ವಲ್ಪ ಬೇರೆ ಕಡೆ ಹೋಗುತ್ತೇನೆ, ಕ್ಷಮಿಸಿ. ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲಿ ನಾಗರಿಕ ಹಕ್ಕು ಇಲಾಖೆಗೆ ದೂರು ಕೊಟ್ಟರೆ ಅವರೇ ತನಿಖೆ ಮಾಡುತ್ತಾರೆ, ರಾಜಿಗೂ ಪ್ರಯತ್ನಿಸುತ್ತಾರೆ, ಬೇಕಾದರೆ ತಾವೇ ಕೋರ್ಟಿಗೆ ಹೋಗುತ್ತಾರೆ. 2020ರ ಜೂನ್‌ನಲ್ಲಿ ಸಿಸ್ಕೊ ಮೇಲೆ ಜಾತಿ ತಾರತಮ್ಯದ ಕೇಸ್ ಹಾಕಿದ್ದು ಈ ಇಲಾಖೆಯೇ. ದೂರುದಾರ ದಲಿತ ಇಂಜಿನಿಯರ್. 2023ರ ಏಪ್ರಿಲ್‌ನಲ್ಲಿ ಇಬ್ಬರು ಮೇಲಧಿಕಾರಿಗಳ ಮೇಲಿನ ಕೇಸ್ ಕೈಬಿಟ್ಟರು, ಕಂಪನಿ ಮೇಲಿನದು ಉಳಿಸಿಕೊಂಡರು. ಜಾತಿ ಅನ್ನುವ ಪದವನ್ನೇ ಕಾನೂನಿಗೆ ಸೇರಿಸುವ ಮಸೂದೆಯನ್ನು ಅದೇ ವರ್ಷ ಅಕ್ಟೋಬರ್‌ನಲ್ಲಿ ಗವರ್ನರ್ ವಾಪಸ್ ಕಳಿಸಿದರು.

ಇಲ್ಲಿ ಪೊಲೀಸ್ ಇಲ್ಲ, ಜೈಲಿಲ್ಲ, ಎಲ್ಲ ಸಿವಿಲ್. ಭಾರತದ್ದು ಕ್ರಿಮಿನಲ್. ಯಾವುದು ವಾಸಿ?

ಮಲೆನಾಡ ಮಗಳು:
ಹಳ್ಳಿಯಲ್ಲಿ ಸಿವಿಲ್ ಕೇಸ್ ಅಂದರೆ ಮೊಮ್ಮಕ್ಕಳ ಕಾಲಕ್ಕೆ ಮುಗಿಯುತ್ತದೆ. ಆದರೆ ಇಲಾಖೆಯೇ ನಿಮ್ಮ ಪರ ನಿಲ್ಲುತ್ತದಲ್ಲ, ಅದು ಇಲ್ಲೂ ಬೇಕು. ಇಲ್ಲಿ ದೂರುದಾರನೇ ಎಲ್ಲ ಕಚೇರಿಗೂ ಅಲೆಯಬೇಕು.

ಕೊಪ್ಪಳದ ಗಾಳಿ:
ಮರಕುಂಬಿ ನೆನಪಿದೆಯಾ ಯಾರಿಗಾದರೂ? ಗಂಗಾವತಿ ತಾಲ್ಲೂಕು. ಅಲ್ಲೂ ಹೋಟೆಲ್, ಕ್ಷೌರದಂಗಡಿಯ ಪ್ರವೇಶದ ವಿಷಯ ಒಳಗೊಳಗೇ ಕುದಿಯುತ್ತಿತ್ತು. 2014ರ ಆಗಸ್ಟ್ 28ರಂದು ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಇನ್ನು ಮೂವರಿಗೆ ಐದು ವರ್ಷ, ಅವರು ಪರಿಶಿಷ್ಟರಾದ್ದರಿಂದ ಅಟ್ರಾಸಿಟಿ ಕಾಯ್ದೆ ಅವರಿಗೆ ಬರಲಿಲ್ಲ. ಆಮೇಲೆ ಹೈಕೋರ್ಟಿನಲ್ಲಿ ಹೆಚ್ಚಿನವರಿಗೆ ಜಾಮೀನು ಸಿಕ್ಕಿತು.

"ಚಿಕ್ಕ ವಿಷಯ" ಅನ್ನುವ ಪಿಎಸ್‌ಐಗೆ ಮರಕುಂಬಿ ತೋರಿಸಿ. ಕುರ್ಚಿ ವಿಷಯ ಕುರ್ಚಿಯಲ್ಲೇ ನಿಲ್ಲುವುದಿಲ್ಲ.

ಊರ ಕಟ್ಟೆ:
ಮೂರು ಪಟ್ಟಿಯವರೇ, ತಿದ್ದಿದ್ದಕ್ಕೆ ಧನ್ಯವಾದ. ಹೊಸ ಠಾಣೆ ವಿಷಯ ಗೊತ್ತಿರಲಿಲ್ಲ. ಪರಿಹಾರ ಎಷ್ಟು ಬರುತ್ತದೆ ಇದಕ್ಕೆ?

ಕಪ್ಪುಕೋಟು:
ಎಫ್‌ಐಆರ್‌ನಲ್ಲಿ ಯಾವ ಕಲಂ ಹಾಕಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಬರೀ 1955ರ ಕಾಯ್ದೆ ಹಾಕಿದರೆ ಶಿಕ್ಷೆಯೂ ಒಂದರಿಂದ ಆರು ತಿಂಗಳು, ದಂಡ ನೂರರಿಂದ ಐನೂರು ರೂಪಾಯಿ. ಹೌದು, ಇವತ್ತಿಗೂ ಐನೂರು ರೂಪಾಯಿ. 1989ರ ಕಾಯ್ದೆಯ ಕಲಂ ಸೇರಿದರೆ ಆರು ತಿಂಗಳಿಂದ ಐದು ವರ್ಷ. ಜಾತಿ ನಿಂದನೆಗೆ ಪರಿಹಾರ ಒಂದು ಲಕ್ಷ: ಕಾಲು ಭಾಗ ಎಫ್‌ಐಆರ್ ಆದಾಗ, ಅರ್ಧ ಚಾರ್ಜ್‌ಶೀಟ್ ಆದಾಗ, ಉಳಿದದ್ದು ಶಿಕ್ಷೆ ಆದರೆ. ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ರೆಡಿ ಇಟ್ಟುಕೊಳ್ಳಿ. ಎಫ್‌ಐಆರ್ ಪ್ರತಿ ಉಚಿತ, ಅಲ್ಲೇ ಓದಿ, ಕಲಂ ಬಿಟ್ಟಿದ್ದರೆ ಅಲ್ಲೇ ಕೇಳಿ.

ನೇರಮಾತು:
ಒಂದು ಪ್ರಶ್ನೆ, ಕೆಣಕಲು ಅಲ್ಲ. ಅಂಗಡಿಯನ್ನೇ ಮುಚ್ಚಿದ ಮೇಲೆ ಯಾರಿಗೂ ಸೇವೆ ಇಲ್ಲವಲ್ಲ, ತಾರತಮ್ಯ ಹೇಗಾಗುತ್ತದೆ?

ಬಾಚಣಿಗೆ:
ಮನೆ ಮನೆಗೆ ಹೋಗಿ ಮಾಡುತ್ತಿದ್ದಾರಲ್ಲ ಸಾರ್. ಕತ್ತರಿ ನಿಂತಿಲ್ಲ, ಕುರ್ಚಿ ಮಾತ್ರ ಎತ್ತಿಟ್ಟಿದ್ದಾರೆ. ಯಾವ ಮನೆಗೆ ಹೋಗುತ್ತಾರೆ, ಯಾವ ಮನೆಗೆ ಹೋಗಲ್ಲ ಅನ್ನುವುದರಲ್ಲೇ ಉತ್ತರ ಇದೆ.

ನೇರಮಾತು:
ಸರಿ. ಈ ಮಾತು ಒಪ್ಪಿದೆ.

ಬೆಟ್ಟದಡಿ:
ಹದಿನೆಂಟು ದಿನ ಆಯಿತು, ಏನಾಯಿತು ಅಂತ ತಿಳಿಸುತ್ತಿದ್ದೇನೆ.

ಎಸ್‌ಪಿಗೆ ಸ್ಪೀಡ್ ಪೋಸ್ಟ್ ಮಾಡಿದೆ. ಮರುದಿನ ಡಿಸಿಆರ್‌ಇ ಠಾಣೆಗೆ ತಮ್ಮನನ್ನೂ ಅಪ್ಪನನ್ನೂ ಕರೆದುಕೊಂಡು ಹೋದೆ. ಅಪ್ಪ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಠಾಣೆಯಲ್ಲಿ "ಕೂತ್ಕೊಳ್ಳಿ" ಅಂತ ಕುರ್ಚಿ ಕೊಟ್ಟರು. ತಮ್ಮ ಹೇಳಿದ್ದನ್ನು ಬರೆದುಕೊಂಡು ಓದಿ ಹೇಳಿದರು. ಎರಡು ಕಡೆ ತಪ್ಪಿತ್ತು, ಅವನೇ ಹೇಳಿ ತಿದ್ದಿಸಿದ. ಎಫ್‌ಐಆರ್ ಅವತ್ತೇ ಆಯಿತು. ಮೊದಲು ಬರೀ 1955ರ ಕಾಯ್ದೆ ಹಾಕಿದ್ದರು. ಕಪ್ಪುಕೋಟು ಅಕ್ಕ ಹೇಳಿದ್ದು ನೆನಪಾಗಿ ಕೇಳಿದೆ, ಅಟ್ರಾಸಿಟಿ ಕಲಂ ಸೇರಿಸಿದರು. ಆ ಇಬ್ಬರೂ ಆರೋಪಿಗಳು, ಅಂಗಡಿಯವರು ಮೂರನೆಯವರು.

ನಾಲ್ಕನೇ ದಿನ ಡಿವೈಎಸ್‌ಪಿ ಬಂದು ಮಹಜರು ಮಾಡಿದರು. ಅಂಗಡಿ ಬಾಗಿಲು ತೆಗೆಸಿದರು. ಗೆಳೆಯನ ಅಮ್ಮ "ನನ್ನ ಮಗ ನೋಡಿದ್ದನ್ನ ಹೇಳ್ತಾನೆ" ಅಂದರು. ಅವರು ಮೇಲಿನ ಕೇರಿಯವರು.

ಆದರೆ ಈಗ ಹೊಸದು ಶುರುವಾಗಿದೆ. ಡೈರಿಯಲ್ಲಿ ನಮ್ಮ ಹಾಲು ತಗೊಳ್ಳುತ್ತಿಲ್ಲ. "ಡಿಗ್ರಿ ಬರ್ತಿಲ್ಲ" ಅಂತ, ಅಂದರೆ ಹಾಲು ನೀರಾಗಿದೆ ಅಂತ, ಆರು ದಿನದಿಂದ ವಾಪಸ್ ಕಳಿಸುತ್ತಿದ್ದಾರೆ. ಅದೇ ಹಸು, ಅದೇ ಮೇವು. ಅಂಗಡಿಯಲ್ಲಿ ಅಮ್ಮನಿಗೆ ಸಾಲ ಕೊಡುವುದಿಲ್ಲ ಅಂದಿದ್ದಾರೆ. ಕೂಲಿಗೂ ಯಾರೂ ಕರೆಯುತ್ತಿಲ್ಲ. ಇದು ಕೇಸಿಗೆ ಸೇರುತ್ತದಾ?

ಕಪ್ಪುಕೋಟು:
ಸೇರುತ್ತದೆ, ಬೇರೆ ಅಪರಾಧವಾಗಿ. ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕುವುದು, ಹಾಕುತ್ತೇವೆ ಅಂತ ಬೆದರಿಸುವುದು ಅಟ್ರಾಸಿಟಿ ಕಾಯ್ದೆಯ 3(1)(ಝಡ್‌ಸಿ) ಕಲಂ. ಅದನ್ನು 2015ರ ತಿದ್ದುಪಡಿಯಲ್ಲಿ ಸೇರಿಸಿದರು. ಇವತ್ತೇ ತನಿಖಾಧಿಕಾರಿಗೆ ಬರೆದುಕೊಡಿ, ಒಂದು ಪ್ರತಿ ಜಿಲ್ಲಾಧಿಕಾರಿಗೆ. ಜಿಲ್ಲಾ ಜಾಗೃತಿ ಸಮಿತಿಗೆ ಅವರೇ ಅಧ್ಯಕ್ಷರು, ಮೂರು ತಿಂಗಳಿಗೊಮ್ಮೆ ಆ ಸಭೆ ಆಗಬೇಕು. 14566 ಸಹಾಯವಾಣಿಗೂ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಮೂರು ಪಟ್ಟಿ:
ಹಾಲಿನ ಪುಸ್ತಕ ಇದೆಯಾ? ಡೈರಿಯವರು ದಿನಾ ಲೀಟರ್, ಫ್ಯಾಟ್ ಬರೆದುಕೊಡುವ ಪುಸ್ತಕ. ಹೋದ ಎರಡು ತಿಂಗಳ ಫ್ಯಾಟ್, ಡಿಗ್ರಿ ಅದರಲ್ಲಿರುತ್ತದೆ. ಅದನ್ನು ಡೈರಿಯವರ ಕೈಗೆ ಮತ್ತೆ ಕೊಡಬೇಡಿ. ಪ್ರತಿ ಪುಟದ ಫೋಟೋ ತೆಗೆಯಿರಿ. ನಾಳೆ ಹಾಲು ಒಯ್ಯುವಾಗ ಅಮ್ಮನ ಜೊತೆ ಇನ್ನೊಬ್ಬರು ಹೋಗಲಿ.

ಬೆಟ್ಟದಡಿ:
ಪುಸ್ತಕ ಇದೆ ಸರ್. ಅಮ್ಮ ಅದನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟಿದ್ದಾರೆ. ತಮ್ಮ ಈಗ ಫೋಟೋ ತೆಗೆಯುತ್ತಿದ್ದಾನೆ. ಬೆಳಗ್ಗೆ ಆರು ಗಂಟೆಗೆ ಡೈರಿ, ಗೆಳೆಯನ ಅಮ್ಮ ಜೊತೆಗೆ ಬರುತ್ತೇನೆ ಅಂದಿದ್ದಾರೆ.